ಫ್ಲೋರೈಡ್ ಅಧ್ಯಯನಕ್ಕೆ ಬೋರ್‌ವೆಲ್ ಅಳೆದರೆ ಸಾಲದು

ಪ್ರಶ್ನೆ: ಬಿ.ಎಸ್‌ಸಿ. ಮುಗಿಸಿ ಪರಿಸರ ಆರೋಗ್ಯದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ನಮ್ಮ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಅಳೆದು, ಶಾಲಾ ಮಕ್ಕಳ ಹಲ್ಲಿನ ಕಲೆಯೊಂದಿಗೆ ಹೋಲಿಸಿ ಪ್ರಬಂಧ ಬರೆಯುವ ಆಸೆ. ಆರು ತಿಂಗಳಿದೆ. ಹೇಗೆ ಶುರು ಮಾಡಲಿ?
– ಓದುಗರೊಬ್ಬರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಒಳ್ಳೆಯ ವಿಷಯ, ಕೈಬಿಡಬೇಡಿ. ಆದರೆ ಇವತ್ತಿನ ನೀರಿಗೂ ಹನ್ನೆರಡು ವರ್ಷದ ಮಗುವಿನ ಹಲ್ಲಿಗೂ ನೇರ ಗಂಟು ಹಾಕಬೇಡಿ. ಹಲ್ಲಿನ ಹೊರಪದರವಾದ ಎನಾಮೆಲ್ ಒಸಡಿನೊಳಗೆ ಬೆಳೆಯುವಾಗ ಮಾತ್ರ ಫ್ಲೋರೈಡ್ ಅದನ್ನು ಕೆಡಿಸುತ್ತದೆ. ಮುಂದಿನ ಹಲ್ಲುಗಳ ಮಟ್ಟಿಗೆ ಅದು ಮೊದಲ ಮೂರು-ನಾಲ್ಕು ವರ್ಷದ ಮಾತು; ಎಂಟು ದಾಟಿದ ಮೇಲೆ ಅಪಾಯ ಬಹುತೇಕ ಮುಗಿದಂತೆ. ಆ ವಯಸ್ಸಿನಲ್ಲಿ ಮಗು ಅಜ್ಜಿ ಮನೆಯಲ್ಲಿದ್ದಿರಬಹುದು, ಊರಿಗೆ ನೀರು ಕೊಟ್ಟ ಬೋರ್‌ವೆಲ್ ಬೇರೆಯೇ ಇದ್ದಿರಬಹುದು. ಎಂಟರವರೆಗೆ ಎಲ್ಲಿತ್ತು, ಯಾವ ನೀರು ಕುಡಿಯಿತು ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಿ. ಇದಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

ಈಗಿನ ಸೇವನೆಯೂ ಬೇಕೆಂದರೆ ಅಡುಗೆಮನೆಗೆ ಹೋಗಿ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತಂದರೂ, ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು ಎಷ್ಟೋ ಮನೆಗಳಲ್ಲಿ ನಲ್ಲಿ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ಆದ್ದರಿಂದ ಪ್ರತಿ ಮನೆಯಿಂದ ಎರಡು ಮಾದರಿ ತನ್ನಿ: ಕ್ಯಾನಿನದು, ನಲ್ಲಿಯದು.

ಬೋರ್‌ವೆಲ್‌ನಲ್ಲಾದರೆ ಮೋಟಾರು ಹತ್ತು ನಿಮಿಷ ಓಡಿದ ಮೇಲೆ ಹಿಡಿಯಿರಿ. ಪೈಪಿನಲ್ಲಿ ನಿಂತ ನೀರು ಲೆಕ್ಕಕ್ಕಿಲ್ಲ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಇರಲಿ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಫ್ಲೋರೈಡನ್ನು ಮಿಲಿವೋಲ್ಟ್ ಓದಿಕೆಯಿಂದ ಅಳೆಯುವ ಫ್ಲೋರೈಡ್ ಎಲೆಕ್ಟ್ರೋಡ್ ಬಳಸುವಾಗ ಮಾದರಿಗೆ ಸಮಪ್ರಮಾಣದಲ್ಲಿ ಟಿಸಾಬ್ ದ್ರಾವಣ ಬೆರೆಸಿ. ಅದು ಪಿಎಚ್ ಅನ್ನು 5ರಿಂದ 5.5ರ ಆಸುಪಾಸು ನಿಲ್ಲಿಸುತ್ತದೆ, ಅಲ್ಯೂಮಿನಿಯಂಗೆ ಅಂಟಿದ ಫ್ಲೋರೈಡನ್ನು ಬಿಡಿಸುತ್ತದೆ. ಫ್ಲೋರೈಡ್ ಪ್ರಮಾಣ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಗಳಿಗೂ ಅಷ್ಟೇ ಬೆರೆಸುವುದನ್ನು ಮರೆತರೆ ಓದಿಕೆ ತಪ್ಪುತ್ತದೆ. ಹತ್ತು ಪಟ್ಟು ಅಂತರದ ಎರಡು ಸ್ಟ್ಯಾಂಡರ್ಡ್‌ಗಳ ನಡುವೆ ಸುಮಾರು 54ರಿಂದ 60 ಮಿಲಿವೋಲ್ಟ್ ವ್ಯತ್ಯಾಸ ಬರದಿದ್ದರೆ ಅಂದು ಅಳೆಯಬೇಡಿ. ಭಾರತೀಯ ಮಾನಕದಲ್ಲಿ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿ.ಗ್ರಾಂ.; ಬೇರೆ ಮೂಲವಿಲ್ಲದಿದ್ದರೆ 1.5.

ಹಲ್ಲಿಗೆ ಡೀನ್ ಸೂಚ್ಯಂಕ, ಅಂದರೆ ಫ್ಲೋರೈಡ್ ಕಲೆಯ ತೀವ್ರತೆಗೆ ಅಂಕ ಕೊಡುವ ಕ್ರಮ, ಸಾಕು. ಹೆಚ್ಚು ಕೆಟ್ಟ ಎರಡು ಹಲ್ಲು ನೋಡಿ, ಎರಡೂ ಸಮನಾಗಿಲ್ಲದಿದ್ದರೆ ಕಡಿಮೆ ಕೆಟ್ಟದ್ದಕ್ಕೆ ಅಂಕ ಕೊಡಿ. ದಂತವೈದ್ಯರೊಬ್ಬರಿಂದ ತರಬೇತಿ ಪಡೆಯಿರಿ. ಬೀಡಿ, ಎಲೆಅಡಿಕೆಯ ಕಲೆಯನ್ನು ಹೊಸಬರು ಫ್ಲೋರೈಡ್ ಎಂದುಕೊಳ್ಳುವುದುಂಟು.

ನೈತಿಕ ಸಮಿತಿಯ ಅನುಮತಿಗೆ ಮೊದಲ ತಿಂಗಳೇ ಅರ್ಜಿ ಹಾಕಿ. ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 1.5 ದಾಟಿದ ಬೋರ್‌ವೆಲ್ ಸಿಕ್ಕರೆ ಪ್ರಬಂಧ ಮುಗಿಯುವವರೆಗೆ ಇಟ್ಟುಕೊಳ್ಳಬೇಡಿ. ಮರುಪರೀಕ್ಷೆ ಮಾಡಿ, ಅದೇ ವಾರ ಪಂಚಾಯಿತಿ ಪಿಡಿಒಗೆ ಲಿಖಿತವಾಗಿ ತಿಳಿಸಿ.