ಓದುಗರ ಪ್ರಶ್ನೆ: ಸಣ್ಣ ಬ್ಲಾಗಿಗೆ ನಿಜವಾದ ಓದುಗರು ಸಿಗುವುದು ಹೇಗೆ?

ಪ್ರಶ್ನೆ: ನಮ್ಮ ಶಿಕಾರಿಪುರ ತಾಲ್ಲೂಕಿನ ವೀರಗಲ್ಲು, ಮಾಸ್ತಿಕಲ್ಲು (ಕಾಳಗದಲ್ಲಿ ಮಡಿದ ವೀರರ ಮತ್ತು ಸತಿ ಹೋದವರ ನೆನಪಿನ ಕಲ್ಲುಗಳು), ಹಳೆಯ ದೇಗುಲಗಳ ಕುರಿತು ಕೆಲವು ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ಫೇಸ್‌ಬುಕ್ ಪುಟದಲ್ಲಿ ಲಿಂಕ್ ಹಾಕಿದರೆ ನಾಲ್ಕಾರು ಲೈಕ್ ಬರುತ್ತವೆ, ಅವೂ ನೆಂಟರಿಷ್ಟರದ್ದೇ. ಪರಸ್ಪರ ಫಾಲೋ ಮಾಡಿಕೊಳ್ಳುವ ಗುಂಪುಗಳಿಗೂ ಸೇರಿ ನೋಡಿದೆ. ಈಗ ಒಬ್ಬರು, ಹಣ ಕೊಟ್ಟರೆ ಐದು ಸಾವಿರ ಫಾಲೋವರ್‌ಗಳನ್ನು ತಂದುಕೊಡುವುದಾಗಿ ಹೇಳುತ್ತಿದ್ದಾರೆ. ಒಪ್ಪಬಹುದೇ?
– ಶಿಕ್ಷಕಿ, ಶಿಕಾರಿಪುರ

ಉತ್ತರ: ದಯವಿಟ್ಟು ಒಪ್ಪಬೇಡಿ. ಫೇಸ್‌ಬುಕ್ ಆಗಲಿ ಇನ್‌ಸ್ಟಾಗ್ರಾಮ್ ಆಗಲಿ ನಿಮ್ಮ ಪೋಸ್ಟನ್ನು ಎಲ್ಲ ಫಾಲೋವರ್‌ಗಳಿಗೂ ತೋರಿಸುವುದಿಲ್ಲ. ಯಾರು ನಿಂತು ಓದಿದರು, ಯಾರು ಉತ್ತರ ಬರೆದರು, ಯಾರು ಇನ್ನೊಬ್ಬರಿಗೆ ಕಳುಹಿಸಿದರು ಎಂಬುದನ್ನು ಗಮನಿಸಿ, ಅದನ್ನು ಮುಂದೆ ಎಷ್ಟು ಜನಕ್ಕೆ ತೋರಿಸಬೇಕೆಂದು ತೀರ್ಮಾನಿಸುತ್ತವೆ. ದುಡ್ಡಿಗೆ ಬಂದ ಐದು ಸಾವಿರ ಖಾತೆಗಳು ಏನನ್ನೂ ಓದುವುದಿಲ್ಲವಾದ್ದರಿಂದ, ನಿಜಕ್ಕೂ ಓದಬಹುದಾಗಿದ್ದ ನಾಲ್ವರಿಗೂ ನಿಮ್ಮ ಬರಹ ಕಾಣಿಸದೆ ಹೋಗುವ ಸಂಭವವಿದೆ. ಅಂಥ ನಕಲಿ ಖಾತೆಗಳನ್ನು ಕಂಪನಿಗಳು ಆಗಾಗ ಅಳಿಸಿಯೂ ಹಾಕುತ್ತವೆ. ಪರಸ್ಪರ ಫಾಲೋ ಗುಂಪುಗಳು ಮದುವೆಮನೆಯ ಮುಯ್ಯಿಯಂತೆ: ಕೊಟ್ಟಷ್ಟು ಬರುತ್ತದೆ, ಓದುವವರು ಮಾತ್ರ ಬರುವುದಿಲ್ಲ. ನೆಂಟರ ಲೈಕ್‌ಗಳ ಬಗ್ಗೆಯೂ ಬೇಸರ ಬೇಡ. ಪುಟಗಳಿಗಿಂತ ಸ್ನೇಹಿತರು ಮತ್ತು ಬಂಧುಗಳ ಪೋಸ್ಟುಗಳಿಗೆ ಆದ್ಯತೆ ಕೊಡುವುದಾಗಿ ಫೇಸ್‌ಬುಕ್ 2018ರ ಜನವರಿಯಲ್ಲೇ ಪ್ರಕಟಿಸಿತ್ತು.

ನಿಮ್ಮ ಓದುಗರು ಯಾರೆಂಬುದನ್ನು ಮೊದಲು ಗುರುತಿಸಿಕೊಳ್ಳಿ. ಹಳೆಯ ಶಾಸನ, ದೇಗುಲಗಳಿಗೆ ಹೆಸರಾದ ತಾಳಗುಂದ, ಬಳ್ಳಿಗಾವಿಗಳಿರುವ ತಾಲ್ಲೂಕು ನಿಮ್ಮದು. ಇತಿಹಾಸದ ವಿದ್ಯಾರ್ಥಿಗಳು, ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದವರು, ತಮ್ಮ ಹೊಲದ ಬದುವಿನಲ್ಲೇ ಒಂದು ಕಲ್ಲು ನಿಂತಿರುವ ರೈತರು, ಇವರೆಲ್ಲ ಊರಿನ ವಾಟ್ಸಾಪ್ ಗುಂಪುಗಳಲ್ಲಿಯೂ ಶಾಸನಾಸಕ್ತರ ಫೇಸ್‌ಬುಕ್ ಗುಂಪುಗಳಲ್ಲಿಯೂ ಈಗಾಗಲೇ ಇದ್ದಾರೆ. ಅಲ್ಲಿಗೆ ಬರಿಯ ಲಿಂಕ್ ಎಸೆದು ಬರಬೇಡಿ. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಪೂಜೆ ಎಂಬ ವಿವರವನ್ನು ಚಿತ್ರದೊಂದಿಗೆ ಅಲ್ಲೇ ಬರೆದು, ಈ ಕಲ್ಲನ್ನು ನಿಮ್ಮ ಕಡೆ ಏನೆಂದು ಕರೆಯುತ್ತಾರೆ ಎಂದು ಕೇಳಿ. ಕೆರೆ ಏರಿಯ ಹಿಂದೆ ಇನ್ನೊಂದು ಕಲ್ಲಿದೆ ಎಂದು ತಿಳಿಸುವ ಒಬ್ಬರು ಸಿಕ್ಕರೆ, ನಿಮ್ಮ ಮುಂದಿನ ಲೇಖನಕ್ಕೆ ವಸ್ತುವೂ ಅದನ್ನು ಹಂಚುವವರೂ ಒಟ್ಟಿಗೆ ಸಿಕ್ಕಂತಾಯಿತು.

ಹುಡುಕಿ ಬರುವವರನ್ನೂ ಮರೆಯಬೇಡಿ. ‘ಕಲ್ಲಿನ ಮೌನಗಾನ’ ಎಂಬಂಥ ಶೀರ್ಷಿಕೆ ಕಿವಿಗೆ ಇಂಪಾದರೂ ಗೂಗಲ್‌ನಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ. ಶೀರ್ಷಿಕೆಯಲ್ಲಿ ಊರಿನ ಹೆಸರು, ತಾಲ್ಲೂಕು ಮತ್ತು ‘ವೀರಗಲ್ಲು’ ಎಂಬ ಪದ ಇರಲಿ; ಬಳ್ಳಿಗಾವಿ, ಬಳ್ಳಿಗಾವೆ ಎಂಬ ಎರಡೂ ರೂಪಗಳು ಲೇಖನದೊಳಗೆ ಬರಲಿ. ಲೇಖನ ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿಯೇ ಇರಬೇಕು, ಏಕೆಂದರೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಠ್ಯ ಗೂಗಲ್‌ಗೆ ಕನ್ನಡವಾಗಿ ಕಾಣುವುದೇ ಇಲ್ಲ. ಶಾಸನವಿರುವ ಕಲ್ಲಾದರೆ, ನಾಡಿನ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅದರ ಸಂಖ್ಯೆ ಎಷ್ಟೆಂದು ತಪ್ಪದೆ ಕೊಡಿ; ಬಿ. ಎಲ್. ರೈಸ್ ಅವರ ಹಳೆಯ ಮಾಲಿಕೆಯಲ್ಲಿ ನಿಮ್ಮ ತಾಲ್ಲೂಕು 7ನೇ ಸಂಪುಟದಲ್ಲಿದೆ. ಆ ಒಂದು ಸಾಲಿಗಾಗಿಯೇ ಸಂಶೋಧನಾ ವಿದ್ಯಾರ್ಥಿ ನಿಮ್ಮ ಪುಟಕ್ಕೆ ಮರಳಿ ಬರುತ್ತಾನೆ.

ಇಷ್ಟಾದರೂ ಸಾಮಾಜಿಕ ಜಾಲತಾಣವನ್ನೇ ಮನೆ ಎಂದುಕೊಳ್ಳಬೇಡಿ. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಟಿಕ್‌ಟಾಕ್ 2020ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ನಿಷೇಧಕ್ಕೊಳಗಾಯಿತು. ಆಸಕ್ತರ ಇಮೇಲ್ ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ, ಇಲ್ಲವೇ ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಳ್ಳಿ. ಒಂದು ಪಟ್ಟಿಗೆ 256 ಜನರ ಮಿತಿಯಿದೆ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗಷ್ಟೇ ಸಂದೇಶ ಹೋಗುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ, ನನಗಂತೂ ಓದುಗರನ್ನು ಎಣಿಸುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಅಳತೆ ಕಂಡಿಲ್ಲ.

ಪ್ರಶ್ನೆ: ಈಗ ಯಾರೂ ಓದುವುದಿಲ್ಲ, ರೀಲ್ಸ್ ಮಾಡಿ ಎನ್ನುತ್ತಾರೆ. ಮಾಡಲೇಬೇಕೇ?
– ಅದೇ ಓದುಗರು

ಉತ್ತರ: ಮಾಡಲೇಬೇಕೆಂದೇನೂ ಇಲ್ಲ. ಮಾಡುವುದಾದರೆ ನೃತ್ಯದ ಹಾಡು ಹಾಕದೆ, ಕಲ್ಲಿನ ಹಂತಗಳನ್ನು ಕೆಳಗಿನಿಂದ ಮೇಲಕ್ಕೆ ತೋರಿಸುತ್ತ ನಿಮ್ಮ ದನಿಯಲ್ಲೇ ಒಂದು ನಿಮಿಷ ಮಾತನಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ವಿಡಿಯೊದ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲವಾದ್ದರಿಂದ ಬ್ಲಾಗಿನ ವಿಳಾಸವನ್ನು ಪ್ರೊಫೈಲ್‌ನಲ್ಲಿ ಹಾಕಿ. ಅಕ್ಷರ ಕಾಣಲೆಂದು ಸೀಮೆಸುಣ್ಣವನ್ನೋ ಹಿಟ್ಟನ್ನೋ ಕಲ್ಲಿಗೆ ಬಳಿಯುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಅದು ಬೇಡ, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಚಿತ್ರೀಕರಿಸಿದರೆ ಸವೆದ ಅಕ್ಷರಗಳೂ ಸಾಕಷ್ಟು ಸ್ಪಷ್ಟವಾಗಿ ಮೂಡುತ್ತವೆ.