ಅಮ್ಮನಿಗೆ ಕಪ್ಪಾಗಿ ಕಂಡ ನೀಲಿ ಟೈಲ್ಸ್

ಅಡುಗೆಮನೆ ಕೆಲಸ ಶುರುವಾದ ಮೇಲೆ ಮನೆಯವರೊಳಗೆ ಮನಸ್ತಾಪ ಆಗಿ, ಆಪ್ತಸಲಹೆಗಾರಳಾದ ನನ್ನ ಹತ್ತಿರ ಬರುವವರು ಕಡಿಮೆಯೇನಲ್ಲ. ಬಣ್ಣದ ಸಮಸ್ಯೆ ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. "ಮನೇಲಿ ನನ್ನ ಮಾತಿಗೆ ಬೆಲೆಯೇ ಇಲ್ಲ" ಅಂತ ಬರುತ್ತಾರೆ. ಅರ್ಧ ಗಂಟೆ ಮಾತಾಡಿದ ಮೇಲೆ ಟೈಲ್ಸ್, ಕಪಾಟು, ಗೋಡೆ ಬಣ್ಣ ಎಲ್ಲ ಹೊರಗೆ ಬರುತ್ತವೆ. ಅವುಗಳಲ್ಲಿ ಈ ಒಂದನ್ನೇ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇದರಲ್ಲಿ ನಾನು ಕೊಟ್ಟ ಮೊದಲ ಸಲಹೆ ತಪ್ಪಾಗಿತ್ತು, ಅದರಿಂದ ಒಬ್ಬ ವಯಸ್ಸಾದ ಹೆಂಗಸಿಗೆ ನೋವಾಯಿತು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.

ಬಂದವರು ನಲವತ್ತು ದಾಟಿದ ಒಬ್ಬ ಮಹಿಳೆ. ಇಲ್ಲಿ ಮಗಳು ಅಂತಲೇ ಕರೆಯುತ್ತೇನೆ. ಅಮ್ಮನಿಗೆ ಎಪ್ಪತ್ತರ ಮೇಲೆ ವಯಸ್ಸು, ಎರಡು ವರ್ಷದಿಂದ ಮಗಳ ಮನೆಯಲ್ಲೇ ಇದ್ದಾರೆ. ಬೆಳಗಿನ ಅಡುಗೆ ಮಗಳದು, ಸಂಜೆಯದು ಅಮ್ಮನದು. ಮಗಳು ಬಹಳ ಆಸೆಪಟ್ಟು ಒಲೆಯ ಹಿಂದಿನ ಗೋಡೆಗೆ ಗಾಢ ನೀಲಿ ಟೈಲ್ಸ್ ಹಾಕಿಸಿದ್ದರು, ಫಳಫಳ ಹೊಳೆಯುವಂಥವು. ಕೆಳಗೆ ಹಳೆಯ ಕಪ್ಪು ಕಲ್ಲಿನ ಕಟ್ಟೆ ಹಾಗೇ ಇತ್ತು. ಕಪಾಟಿನ ಬಾಗಿಲು ಮತ್ತು ಉಳಿದ ಗೋಡೆಗಳ ಬಣ್ಣ ಬಾಕಿ. ಬಾಗಿಲಿಗೆ ಇದ್ದಿಲಿನಂಥ ಕಡು ಬೂದು ಬಣ್ಣ ಅಂತ ಮಗಳು ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಟೈಲ್ಸ್ ಕೂರಿಸಿದ ದಿನವೇ ಅಮ್ಮ, "ಅಡುಗೆಮನೆಗೆ ಯಾರಾದ್ರೂ ಕಪ್ಪು ಟೈಲ್ಸ್ ಹಾಕಿಸ್ತಾರಾ?" ಅಂದರಂತೆ.

"ಅಮ್ಮಾ, ಇದು ನೀಲಿ."

"ನನಗೇನು ಕಣ್ಣು ಕಾಣಲ್ವಾ? ಕಪ್ಪು."

ಈ ಎರಡು ಮಾತಿನ ಮೇಲೆ ನಾಲ್ಕು ತಿಂಗಳು ಕೆಲಸ ನಿಂತಿತ್ತು.

ಮೊದಲ ಎರಡು ಭೇಟಿಯಲ್ಲಿ ಮಗಳು ಒಬ್ಬರೇ ಬಂದರು, ನಾವು ಪೂರ್ತಿ ಬಾಲ್ಯದ ಬಗ್ಗೆಯೇ ಮಾತಾಡಿದೆವು. ಹತ್ತು ವರ್ಷದವರಿದ್ದಾಗ ಬರೆದ ಚಿತ್ರಕ್ಕೂ ಅಮ್ಮ ತಪ್ಪು ಹುಡುಕಿದ್ದು, ಓದಿದ ವಿಷಯ, ಮಾಡಿದ ಕೆಲಸ ಯಾವುದಕ್ಕೂ "ಚೆನ್ನಾಗಿದೆ" ಅನ್ನದೇ ಇದ್ದದ್ದು. ಎಲ್ಲಾ ಸರಿಯಾಗಿ ಹೊಂದಿಕೊಳ್ಳುವ ಹಾಗೆ ಕಂಡಿತು. ಹಳೆಯ ನೋವು ಈಗ ಟೈಲ್ಸ್ ರೂಪದಲ್ಲಿ ಬಂದಿದೆ ಅಂತ ನಾನೂ ನಂಬಿದೆ. "ಇದು ನಿಮ್ಮ ಮನೆ, ಆಯ್ಕೆ ನಿಮ್ಮದು, ಅಮ್ಮನ ಮೆಚ್ಚುಗೆಗೆ ಕಾಯಬೇಡಿ, ಅದನ್ನು ಅವರಿಗೆ ಸಮಾಧಾನವಾಗಿ ಹೇಳಿ" ಅಂದೆ. ಅವರು ಮನೆಗೆ ಹೋಗಿ ಹೇಳಿದರು. ಮಾರನೇ ದಿನದಿಂದ ಅಮ್ಮ ಅಡುಗೆಮನೆಗೆ ಬರುವುದನ್ನೇ ನಿಲ್ಲಿಸಿದರು.

ಮೂರನೇ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಬನ್ನಿ ಅಂದೆ. ಬಂದರು. ಮಗಳ ಚೀಲದಲ್ಲಿ ಉಳಿದಿದ್ದ ಒಂದು ಟೈಲ್ ಇತ್ತು. ಕಾಗದದಲ್ಲಿ ಸುತ್ತಿ ತಂದಿದ್ದರು. ಮೇಜಿನ ಮೇಲೆ ಇಟ್ಟು, "ಮೇಡಂ, ನೀವೇ ಹೇಳಿ, ಇದು ಯಾವ ಬಣ್ಣ?" ಅಂತ ಕೇಳಿದರು. ನಾನು ಸಾಕ್ಷಿ ಹೇಳಬೇಕಿತ್ತು.

ನಾನು ಉತ್ತರ ಕೊಡದೆ ಅಮ್ಮನ ಕಡೆ ನೋಡಿದೆ. ಅವರು ಟೈಲ್ ಕೈಗೆ ತೆಗೆದುಕೊಂಡು, ತಿರುಗಿಸಿ, ಹತ್ತಿರ ಹಿಡಿದು ನೋಡಿದರು. "ಕಪ್ಪು" ಅಂದರು. ಆ ದನಿಯಲ್ಲಿ ಹಟ ಇರಲಿಲ್ಲ. ಮಗಳ ಕಣ್ಣಲ್ಲಿ ನೀರು ಬಂತು. "ನೋಡಿದ್ರಾ ಮೇಡಂ, ಇಲ್ಲೂ ಹೀಗೇ" ಅಂದರು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನೂ ಮಗಳ ಪಕ್ಷದಲ್ಲೇ ಇದ್ದೆ.

ಆಗ ಅಮ್ಮ ನನ್ನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದಲೇ, "ಆ ಪರದೆ ಒಂಚೂರು ಸರಿಸ್ತೀರಾಮ್ಮ? ನಿಮ್ಮ ಮುಖನೂ ನನಗೆ ಸರಿಯಾಗಿ ಕಾಣ್ತಿಲ್ಲ" ಅಂದರು.

ನನ್ನ ಕೋಣೆಯಲ್ಲಿ ಪರದೆ ಎಳೆದಿರುತ್ತೇನೆ. ಬಂದವರಿಗೆ ಹಾಯೆನಿಸಲಿ ಅಂತ ಮೆತ್ತನೆಯ ಹಳದಿ ದೀಪ ಇಟ್ಟಿದ್ದೇನೆ. ಆ ಬೆಳಕು ಒಬ್ಬರಿಗೆ ಕಷ್ಟವಾಗಬಹುದು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಎದ್ದು ಪರದೆ ಪೂರ್ತಿ ಸರಿಸಿದೆ. ಅಮ್ಮ ಟೈಲ್ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋದರು. ಬಿಸಿಲಿಗೆ ಒಡ್ಡಿ ಓರೆ ಮಾಡಿದರು. ತುಂಬಾ ಹೊತ್ತು ಮಾತಾಡಲಿಲ್ಲ.

"ಅಯ್ಯೋ, ಇದು ನೀಲಿ ಕಣೇ" ಅಂದರು.

ಆಮೇಲೆ ಅಲ್ಲೇ ನಿಂತುಕೊಂಡು, ನಮ್ಮಿಬ್ಬರ ಮುಖ ನೋಡದೆ, ಕಿಟಕಿಯ ಕಡೆಗೇ ಮಾತಾಡಿದರು. "ಮನೇಲಿ ಇದು ಹೀಗೆ ಕಾಣಲ್ಲ. ರಾತ್ರಿ ಹೊತ್ತು ಗೋಡೆ ಎಲ್ಲಿ ಶುರು, ಕಟ್ಟೆ ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ಲೋಟ ಇಟ್ಟೆ ಅಂದ್ಕೋತೀನಿ, ಬಿದ್ದಿರುತ್ತೆ. ಹೇಳಿದ್ರೆ ವಯಸ್ಸಾಯ್ತು, ಅಡುಗೆ ಮಾಡ್ಬೇಡ ಅಂತೀರಿ ಅಂತ ಸುಮ್ನಿದ್ದೆ."

ಆ ಲೋಟಗಳ ವಿಷಯ ನನಗೆ ಮೊದಲೇ ಗೊತ್ತಿತ್ತು. ಎರಡನೇ ಭೇಟಿಯಲ್ಲಿ ಮಗಳು, "ಕೋಪಕ್ಕೆ ಸಾಮಾನು ಬೀಳಿಸ್ತಾರೆ" ಅಂತ ಹೇಳಿದ್ದರು. ನಾನು ಹಾಗೇ ಬರೆದುಕೊಂಡಿದ್ದೆ. ಆ ಸಾಲು ಈಗಲೂ ನನ್ನ ಪುಸ್ತಕದಲ್ಲಿದೆ.

ಇಲ್ಲಿ ಆದದ್ದೇನು ಅಂತ ಸರಳವಾಗಿ ಹೇಳುತ್ತೇನೆ, ಏಕೆಂದರೆ ಇದು ಬಹಳ ಮನೆಗಳಲ್ಲಿ ನಡೆಯುತ್ತಿದೆ. ವಯಸ್ಸಾದ ಹಾಗೆ ಕಣ್ಣಿನೊಳಗಿನ ಮಸೂರ ನಿಧಾನವಾಗಿ ಹಳದಿಯಾಗುತ್ತದೆ. ಹಳದಿ ಗಾಜು ಮೊದಲು ತಡೆಯುವುದು ನೀಲಿ ಬೆಳಕನ್ನು. ಜೊತೆಗೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗೆ ಹೋಗುವ ಬೆಳಕೇ ಕಡಿಮೆ. ಹಾಗಾಗಿ ಕಡು ನೀಲಿಗೂ ಕಪ್ಪಿಗೂ, ನೀಲಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಪೊರೆ ಬಂದಿದ್ದರೆ ಇನ್ನೂ ಜಾಸ್ತಿ. ಇದು ದಿನದಿಂದ ದಿನಕ್ಕೆ ತುಸುತುಸುವೇ ಆಗುವುದರಿಂದ ಅವರಿಗೇ ಗೊತ್ತಾಗುವುದಿಲ್ಲ. ಮಗಳು ಅಡುಗೆಮನೆಗೆ ಹಾಕಿಸಿದ್ದ ದೀಪಗಳೂ ಹಳದಿ ಛಾಯೆಯವು, 2700 ಕೆಲ್ವಿನ್‌ನವು (ಕೆಲ್ವಿನ್ ಅಂದರೆ ಬೆಳಕಿನ ಛಾಯೆಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ). ಅಂಥ ಬೆಳಕಿನಲ್ಲಿ ನೀಲಿ ಅಂಶವೇ ಕಡಿಮೆ. ಬೆಳಗ್ಗೆ ಕಿಟಕಿಯ ಬೆಳಕಲ್ಲಿ ಅಡುಗೆ ಮಾಡುವ ಮಗಳಿಗೆ ಟೈಲ್ಸ್ ಸಮುದ್ರದ ಹಾಗೆ ಕಂಡಿದೆ, ಸಂಜೆ ಅದೇ ಜಾಗದಲ್ಲಿ ನಿಂತ ಅಮ್ಮನಿಗೆ ಕತ್ತಲೆಯ ಗೋಡೆ ಕಂಡಿದೆ. ಇಬ್ಬರೂ ಸುಳ್ಳು ಹೇಳಿಲ್ಲ.

ಮಗಳಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. 2015ರ ಫೆಬ್ರುವರಿಯಲ್ಲಿ ಜಗತ್ತೆಲ್ಲ ಹರಿದಾಡಿದ ಆ ಉಡುಪಿನ ಫೋಟೋ ನೆನಪಿಸಿದೆ. ಒಂದೇ ಫೋಟೋ ನೋಡಿ ಕೆಲವರು ಬಿಳಿ ಮತ್ತು ಚಿನ್ನದ ಬಣ್ಣ ಅಂದರು, ಕೆಲವರು ನೀಲಿ ಮತ್ತು ಕಪ್ಪು ಅಂದರು. ನಿಜವಾದ ಉಡುಪು ನೀಲಿ ಮತ್ತು ಕಪ್ಪು. ಅಲ್ಲಿ ಮುಖ್ಯ ಕಾರಣ ವಯಸ್ಸಲ್ಲ, ಬೆಳಕು ಎಂಥದ್ದು ಅಂತ ಪ್ರತಿಯೊಬ್ಬರ ಮಿದುಳು ಬೇರೆ ಬೇರೆ ಊಹೆ ಮಾಡಿತ್ತು. "ನಾನೂ ಅವತ್ತು ಬಿಳಿ ಅಂತ ವಾದ ಮಾಡಿದ್ದೆ ಮೇಡಂ" ಅಂದರು ಮಗಳು. ಅಮ್ಮನ ಕೈಯಿಂದ ಟೈಲ್ ಇಸಿದುಕೊಂಡು, ಪಕ್ಕದಲ್ಲಿ ಕೂರಿಸಿಕೊಂಡರು.

ಅವತ್ತು ನಾನು ಕೊಟ್ಟ ಸಲಹೆ ಎರಡು. ಒಂದು, ಕಪಾಟಿನ ಬಣ್ಣ ತೀರ್ಮಾನ ಮಾಡುವ ಮೊದಲು ಅಮ್ಮನ ಕಣ್ಣು ತೋರಿಸಿ. ಇನ್ನೊಂದು, ಬಣ್ಣವನ್ನು ಅಮ್ಮ ಅಡುಗೆ ಮಾಡುವ ಹೊತ್ತಿನಲ್ಲಿ, ಅಮ್ಮ ನಿಲ್ಲುವ ಜಾಗದಲ್ಲಿ ನಿಂತು ಆರಿಸಿ.

ಎರಡನೆಯದಕ್ಕೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪ ಮಾಡಿದರು. ಆಪ್ತಸಲಹೆಗಾರರು ಗೋಡೆ ಬಣ್ಣ ಹೇಳಬಾರದು, ನಿರ್ಧಾರ ಬಂದವರದ್ದೇ ಆಗಬೇಕು ಅಂತ. ನಿಯಮ ನನಗೂ ಗೊತ್ತು, ಅದನ್ನು ಗೌರವಿಸುತ್ತೇನೆ. ಆದರೆ ಯಾರಾದರೂ ಮಂಕಾಗಿದ್ದೇನೆ, ಏನೂ ಬೇಡ ಅನಿಸುತ್ತೆ ಅಂತ ಬಂದರೆ ನಾವು ಥೈರಾಯ್ಡ್ ಪರೀಕ್ಷೆ ಮಾಡಿಸಿ ಅನ್ನುವುದಿಲ್ವಾ? ಮನಸ್ಸಿನ ಕಾರಣ ಹುಡುಕುವ ಮೊದಲು ದೇಹದ ಕಾರಣ ನೋಡಬೇಕು ಅಂತ ನಮಗೆ ಕಲಿಸಿದ್ದಾರೆ. ಹಾಗಿದ್ದ ಮೇಲೆ ಬಲ್ಬು ನೋಡುವುದು ಯಾಕೆ ಕೀಳು? ಅಪ್ಪ ಮಾತೇ ಕೇಳಲ್ಲ, ಅಹಂಕಾರ ಅಂತ ಮಕ್ಕಳು ಕರೆದುಕೊಂಡು ಬಂದು, ಆಮೇಲೆ ಕಿವಿ ಕೇಳಿಸುತ್ತಿಲ್ಲ ಅಂತ ಗೊತ್ತಾದ ಪ್ರಕರಣಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ವಯಸ್ಸಾದವರ ಪ್ರತಿ ಮಾತಿಗೂ ಸ್ವಭಾವದ ಅರ್ಥ ಕಟ್ಟುವ ಚಾಳಿ ನಮ್ಮ ವೃತ್ತಿಯಲ್ಲಿ ಇದೆ. ಅದು ಅನ್ಯಾಯ. ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಬಣ್ಣದ ವಿಷಯ. ನೀಲಿ ಟೈಲ್ಸ್ ಇರುವವರಿಗೆ ಇದು ಉಪಯೋಗಕ್ಕೆ ಬರಬಹುದು, ಮನೆಯಲ್ಲಿ ಹಿರಿಯರು ಇಲ್ಲದಿದ್ದರೂ.

ಬಣ್ಣದ ಬಗ್ಗೆ ಓದುತ್ತಾ ಹೋದಾಗ ನನ್ನ ಮನಸ್ಸಲ್ಲಿ ನಿಂತ ಒಂದು ಘಟನೆ ಇದೆ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್‌ಗೆ ಒಂದು ದೂರು ಬಂತು. ಕಪ್ಪು ನೂಲು ಕಪ್ಪಾಗಿ ಕಾಣುತ್ತಿಲ್ಲ, ಬಣ್ಣ ಕಳಪೆ ಅಂತ. ಆತ ಪರೀಕ್ಷೆ ಮಾಡಿ ನೋಡಿದರೆ ನೂಲಿನಲ್ಲಿ ದೋಷ ಇರಲಿಲ್ಲ. ಅದರ ಪಕ್ಕದಲ್ಲಿ ನೀಲಿ ಮತ್ತು ನೇರಳೆ ಇದ್ದದ್ದರಿಂದ ಕಪ್ಪು ಸೊರಗಿದ ಹಾಗೆ ಕಾಣುತ್ತಿತ್ತು. 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ತನಗೆ ವಿರುದ್ಧವಾದ ಕಡೆಗೆ ತಳ್ಳುತ್ತದೆ. ನೀಲಿ ತನ್ನ ಪಕ್ಕದ್ದನ್ನು ಹಳದಿ, ಕಿತ್ತಳೆಯ ಕಡೆಗೆ ತಳ್ಳುತ್ತದೆ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಹದವಾಗಿ ಕಂಡ ಕ್ರೀಮ್ ಬಣ್ಣ ನೀಲಿ ಟೈಲ್ಸ್ ಪಕ್ಕ ಬಂದಾಗ ಬೆಣ್ಣೆಯಷ್ಟು ಹಳದಿಯಾಗಿ ಕಾಣುವುದು ಇದಕ್ಕೇ. ಒಂದು ಹಂತ ಕಡಿಮೆ ಹಳದಿ ಇರುವುದನ್ನೇ ಆರಿಸಿ. ತೀರಾ ಅಚ್ಚ ಬಿಳಿ ಕಡು ನೀಲಿಯ ಜೊತೆ ಕಣ್ಣಿಗೆ ಹೊಡೆಯುತ್ತದೆ, ತಂಪು ಬೆಳಕಿನ ಮನೆಯಲ್ಲಿ ಅಡುಗೆಮನೆ ಬಿಕೋ ಅನಿಸುತ್ತದೆ. ಮರದ ಬಣ್ಣ, ಜೇನು ಬಣ್ಣ, ಇಟ್ಟಿಗೆ ಕೆಂಪು, ತಾಮ್ರದ ಹಿಡಿಕೆ ಇವು ನೀಲಿಗೆ ಹೊಂದುತ್ತವೆ, ಏಕೆಂದರೆ ಎಲ್ಲವೂ ಕಿತ್ತಳೆಯ ಬಳಗದವು. ಆದರೆ ನೀಲಿ ಅಂದರೆ ಒಂದೇ ನೀಲಿ ಅಲ್ಲ. ಹಸಿರು ಬೆರೆತ ನೀಲಿಗೂ ನೇರಳೆ ಬೆರೆತ ನೀಲಿಗೂ ಒಂದೇ ಬೂದು ಕೂರುವುದಿಲ್ಲ. ಟೈಲ್ಸನ್ನು ಅಚ್ಚ ಬಿಳಿ ಕಾಗದದ ಮೇಲಿಟ್ಟು ನೋಡಿ, ಯಾವ ಕಡೆ ವಾಲುತ್ತದೆ ಅಂತ ತಿಳಿಯುತ್ತದೆ.

ಅಂಗೈ ಅಗಲದ ಚೀಟಿ ನೋಡಿ ಬಣ್ಣ ಆರಿಸಬೇಡಿ. ಒಂದಡಿ ಉದ್ದಗಲದ ಹಲಗೆಗೆ ಎರಡು ಕೋಟ್ ಹೊಡೆದು, ಒಣಗಿಸಿ, ಟೈಲ್ಸ್‌ಗೆ ಒರಗಿಸಿ ಇಡಿ. ಒಂದು ವಾರ ಅಲ್ಲೇ ಇರಲಿ. ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ, ಮನೆಯವರೆಲ್ಲರೂ ನೋಡಲಿ. ದೀಪ ಮೊದಲು, ಬಣ್ಣ ಆಮೇಲೆ. ಸುಮಾರು 4000 ಕೆಲ್ವಿನ್‌ನ ಬಲ್ಬು ನೀಲಿಯನ್ನು ಕೊಲ್ಲುವುದಿಲ್ಲ, ಆಸ್ಪತ್ರೆಯ ಬೆಳಕಿನ ಹಾಗೂ ಇರುವುದಿಲ್ಲ. ಬಣ್ಣಗಳು ಸರಿಯಾಗಿ ಕಾಣಬೇಕಾದರೆ ಡಬ್ಬಿಯ ಮೇಲೆ ಸಿ.ಆರ್.ಐ. (ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ) 90 ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನು ಕೊಳ್ಳಿ. ಮೇಲಿನ ಕಪಾಟಿನ ತಳಕ್ಕೆ ಒಂದು ಪಟ್ಟಿ ದೀಪ ಹಾಕಿದರೆ ಬೆಳಕು ನೇರವಾಗಿ ಕಟ್ಟೆಗೇ ಬೀಳುತ್ತದೆ, ನಿಂತವರ ನೆರಳು ಅಡ್ಡ ಬರುವುದಿಲ್ಲ. ಹೊಳಪಿನ ಟೈಲ್ಸ್ ಎದುರು ಬಾಗಿಲುಗಳೂ ಹೊಳಪಿನವಾದರೆ ದೀಪದ ಪ್ರತಿಬಿಂಬ ಎಲ್ಲ ಕಡೆ ಕುಣಿಯುತ್ತದೆ. ಬಾಗಿಲು ಮ್ಯಾಟ್ ಇರಲಿ.

ಹಿರಿಯರು ಇರುವ ಮನೆಯಾದರೆ ಬಣ್ಣಗಳು ಹೊಂದುವುದಕ್ಕಿಂತ ಅಂಚುಗಳು ಕಾಣುವುದು ಮುಖ್ಯ. ಕಡು ಗೋಡೆ, ಕಡು ಕಟ್ಟೆ, ಕಡು ಬಾಗಿಲು ಮೂರೂ ಸೇರಿದರೆ ಫೋಟೋದಲ್ಲಿ ಸೊಗಸಾಗಿರುತ್ತದೆ. ಬಿಸಿ ಪಾತ್ರೆ ಕೈಯಲ್ಲಿ ಹಿಡಿದವರಿಗೆ ಅದು ಅಪಾಯ.

ಅಮ್ಮನ ಎರಡೂ ಕಣ್ಣಲ್ಲಿ ಪೊರೆ ಇತ್ತು. ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದಕ್ಕೆ ದಿನ ಗೊತ್ತಾಗಿದೆ. ಈಗ ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ಟೈಲ್ಸ್ ನೋಡುತ್ತಾರಂತೆ. "ಈ ಕಣ್ಣಿಗೆ ನೀಲಿ ಜಾಸ್ತಿಯೇ ಆಯ್ತು" ಅಂದರಂತೆ. ಮಗಳು ಫೋನಿನಲ್ಲಿ ಇದನ್ನು ಹೇಳುವಾಗ ಬೇಸರ ಇರಲಿಲ್ಲ.

ಟೈಲ್ಸ್ ತೆಗೆಸಲಿಲ್ಲ. ಮೇಲಿನ ಕಪಾಟುಗಳು ಆಫ್ ವೈಟ್, ಕೆಳಗಿನವು ಜೇನು ಬಣ್ಣದ ಮರ. ಮಗಳ ಇಷ್ಟದ ಇದ್ದಿಲು ಬೂದು ಬಾಗಿಲಿನ ಪಕ್ಕದ ಉದ್ದ ಕಪಾಟಿಗೆ ಬಂತು, ಅಲ್ಲಿ ಯಾರೂ ಬಿಸಿ ಪಾತ್ರೆ ಇಡುವುದಿಲ್ಲ. ಕಪ್ಪು ಕಲ್ಲಿನ ಕಟ್ಟೆಯನ್ನು ಹಾಗೇ ಉಳಿಸಿಕೊಂಡು ಅದರ ಅಂಚಿಗೆ ಎರಡು ಬೆರಳು ಅಗಲದ ತಿಳಿ ಬಣ್ಣದ ಪಟ್ಟಿ ಹಚ್ಚಿದ್ದಾರೆ, ಅದು ಅಮ್ಮನೇ ಹೇಳಿದ ಉಪಾಯ. ಎದುರು ಗೋಡೆಗೆ ಯಾವ ಬಣ್ಣ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮೂರು ಹಲಗೆಗಳು ಒರಗಿಸಿ ಇಟ್ಟಿವೆ, ಇನ್ನೊಂದು ಕಣ್ಣಿನದೂ ಆಗಲಿ ಅಂತ ಕಾಯುತ್ತಿದ್ದಾರೆ.

ಮಗಳು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಹತ್ತನೇ ವಯಸ್ಸಿನ ಆ ಚಿತ್ರದ ನೋವು ಸುಳ್ಳಾಗಿರಲಿಲ್ಲ, ಅದರ ಬಗ್ಗೆ ಮಾತಾಡುವುದು ಇನ್ನೂ ಬಹಳ ಇದೆ. ಅವರು ಬಂದಾಗ ನಾನು ಪರದೆ ತೆರೆದೇ ಇಟ್ಟಿರುತ್ತೇನೆ.