ಜೀವನಾಂಶಕ್ಕೂ ಭಾನುವಾರಕ್ಕೂ ಗಂಟು ಹಾಕಬೇಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಎರಡು ವರ್ಷದಿಂದ ಗಂಡನಿಂದ ದೂರ ಇದ್ದೇನೆ. ಏಳು ವರ್ಷದ ಮಗಳು ನನ್ನ ಬಳಿ ಇದ್ದಾಳೆ. ಅವಳಿಗೆ ತಿಂಗಳಿಗೆ 8,000 ರೂಪಾಯಿ ಕೊಡಬೇಕೆಂದು ಕೋರ್ಟು ಆದೇಶ ಮಾಡಿದೆ. ಹತ್ತು ತಿಂಗಳಿಂದ ಒಂದು ಪೈಸೆ ಬಂದಿಲ್ಲ. ಮಗಳ ಕೈಲೇ ಫೋನ್ ಮಾಡಿಸಿದರೂ ಕಳಿಸಲಿಲ್ಲ. ಅದಕ್ಕೇ ಭಾನುವಾರ ಅವರು ಬೆಂಗಳೂರಿನಿಂದ ಬಂದಾಗ ಮಗಳನ್ನು ಕಳಿಸುವುದು ನಿಲ್ಲಿಸಿದೆ. ಭಾನುವಾರದ ವಿಷಯ ಕೋರ್ಟಿನ ಆದೇಶವಲ್ಲ, ಹಿರಿಯರು ಕೂತು ಮಾತಾಡಿಕೊಂಡದ್ದು. ಈಗ 'ಮಗಳು ನನಗೇ ಬೇಕು ಅಂತ ಕೇಸು ಹಾಕ್ತೀನಿ, ನನ್ನ ಸಂಬಳ ನೋಡಿದರೆ ಜಡ್ಜ್ ನನಗೇ ಕೊಡೋದು' ಅಂತಿದ್ದಾರೆ. ನಾನು ಮಾಡಿದ್ದು ತಪ್ಪಾ?"

ಸೋದರಿ,

ಹಣ ಕೇಳಿದ್ದರಲ್ಲಿ ನಿಮ್ಮದು ಎಳ್ಳಷ್ಟೂ ತಪ್ಪಿಲ್ಲ. ಮಗಳನ್ನು ತಡೆದದ್ದು ಮಾತ್ರ ಸರಿಯಲ್ಲ. ನಾಳೆ ನಿಮ್ಮ ಕೇಸಿಗೂ ಅದೇ ಮುಳುವಾದೀತು.

ಜೀವನಾಂಶ ಮಗಳ ಹಕ್ಕು. ಅಪ್ಪನ ಒಡನಾಟವೂ ಅವಳದೇ ಹಕ್ಕು. ಅಪ್ಪ ಒಂದನ್ನು ತಡೆದರೆಂದು ಅಮ್ಮ ಇನ್ನೊಂದನ್ನು ತಡೆದರೆ ಎರಡು ನಷ್ಟವೂ ಅವಳ ತಲೆಗೇ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಮಗು ಯಾರ ಬಳಿಯೇ ಇರಲಿ, ಇನ್ನೊಬ್ಬರ ಸಂಪರ್ಕ ಕಡಿದು ಹೋಗಬಾರದು, ದೂರವಿದ್ದರೆ ವಿಡಿಯೊ ಕರೆಯಲ್ಲಾದರೂ ಮಾತು ನಡೆಯಬೇಕು. ಕುಡಿತ, ಹೊಡೆತದ ಭಯವಿದ್ದಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ. ಆಗಲೂ ಬಾಗಿಲು ಹಾಕಿಕೊಳ್ಳುವ ಬದಲು, ಬೇರೆಯವರ ಸಮ್ಮುಖದಲ್ಲಷ್ಟೇ ಭೇಟಿ ಆಗಲಿ ಎಂದು ಕೋರ್ಟನ್ನೇ ಕೇಳಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಫೋನಿನ ಸಾಲು. ಏಳು ವರ್ಷದ ಹುಡುಗಿ "ಅಪ್ಪಾ, ದುಡ್ಡು ಕಳಿಸು" ಅಂದಾಗ ಆ ಕಡೆಯಿಂದ ಏನು ಉತ್ತರ ಬಂತೋ, ಅದನ್ನು ಅವಳು ನಿಮಗೆ ಪೂರ್ತಿ ಹೇಳಿರಲಾರಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಮಕ್ಕಳು ಬೇಗ ಒಂದು ವಿದ್ಯೆ ಕಲಿಯುತ್ತವೆ: ಯಾರ ಮುಂದೆ ಏನು ಮುಚ್ಚಿಡಬೇಕು ಅನ್ನುವುದು. ಬಾಕಿ ಕೇಳುವ ಮೆಸೇಜನ್ನು ನೀವೇ ಕಳಿಸಿ, ಎರಡೇ ಸಾಲು, ಬೈಗುಳವಿಲ್ಲದೆ. ಅದು ಸಾಕ್ಷಿಯಾಗಿಯೂ ಉಳಿಯುತ್ತದೆ.

ಇನ್ನು ಹಣದ ವಿಷಯ. ಇಲ್ಲಿ ತಡ ಮಾಡಬೇಡಿ. ಜೀವನಾಂಶಕ್ಕೆ ಸಂಬಂಧಿಸಿದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಬಾಕಿ ವಸೂಲಿಗೆ ವಾರಂಟ್ ಬೇಕಾದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ ಅದು. ನಿಮಗೆ ಹತ್ತು ತಿಂಗಳು ಕಳೆದಿದೆ. ಇನ್ನೆರಡು ತಿಂಗಳು ಸುಮ್ಮನಿದ್ದರೆ ಮೊದಲ ತಿಂಗಳ ಬಾಕಿ ಆ ದಾರಿಯಿಂದ ಜಾರುತ್ತದೆ, ಆಮೇಲೆ ತಿಂಗಳಿಗೊಂದರಂತೆ ಉಳಿದವೂ. ವಾರಂಟಿಗೂ ಹಣ ಬಾರದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಸುಪ್ರೀಂ ಕೋರ್ಟಿನ 1989ರ ಕುಲ್‌ದೀಪ್ ಕೌರ್ ತೀರ್ಪು ಅದನ್ನು ಸ್ಪಷ್ಟ ಮಾಡಿದೆ. ನಿಜವಾಗಿಯೂ ಅವರ ಕೆಲಸ ಹೋಗಿದ್ದರೆ ಮೊತ್ತ ಇಳಿಸಿ ಎಂದು 146ನೇ ಕಲಂ ಅಡಿ ಕೇಳಿಕೊಳ್ಳಲಿ. ತಾವಾಗಿಯೇ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ಅದೇ ಕಲಂ ನಿಮಗೂ ಇದೆ: ಶಾಲೆ ಫೀಸು ಏರಿದೆ ಎಂದು ತೋರಿಸಿ ಮೊತ್ತ ಹೆಚ್ಚಿಸಲು ಕೇಳಬಹುದು. ಅದೇ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನ ನಂತರ ಇಂಥ ಕೇಸುಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. "ಕೈಯಲ್ಲಿ ಏನೂ ಇಲ್ಲ" ಅಂದುಬಿಡುವುದು ಮೊದಲಿನಷ್ಟು ಸುಲಭವಲ್ಲ.

ಸಂಬಳದ ಬೆದರಿಕೆಗೆ ಹೆದರಬೇಡಿ. ಸಂಬಳ ಹೆಚ್ಚಿದ್ದವರಿಗೆ ಮಗು ಎಂಬ ನಿಯಮ ಎಲ್ಲೂ ಇಲ್ಲ. ದುಡಿಮೆ ಹೆಚ್ಚಿದ್ದರೆ ಜೀವನಾಂಶ ಹೆಚ್ಚು ಕೊಡಬೇಕಾದೀತು, ಅಷ್ಟೇ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ, ನಿಜ. ಆದರೆ ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವನ್ನೇ ಎಲ್ಲಕ್ಕಿಂತ ಮೇಲಿಡುತ್ತದೆ. ಶಾಲೆ, ಆರೋಗ್ಯ, ಇಷ್ಟು ದಿನ ಸಾಕಿದ್ದು ಯಾರು, ಎಲ್ಲವನ್ನೂ ಜಡ್ಜ್ ನೋಡುತ್ತಾರೆ. ಇನ್ನೊಬ್ಬರಿಂದ ಮಗುವನ್ನು ದೂರ ಮಾಡುತ್ತಿರುವವರು ಯಾರು ಎಂಬುದನ್ನೂ ನೋಡುತ್ತಾರೆ. ಅದಕ್ಕೇ ಭಾನುವಾರ ಮುಖ್ಯ ಅಂದದ್ದು. ಇನ್ನೊಂದು ಸಮಾಧಾನ: 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಅವರು ಕೇಸು ಹಾಕುವುದಾದರೆ ಮಗು ಸಾಮಾನ್ಯವಾಗಿ ವಾಸವಿರುವ ಊರಿನಲ್ಲೇ, ಅಂದರೆ ದಾವಣಗೆರೆಯಲ್ಲೇ ಹಾಕಬೇಕು. ನೀವು ಬೆಂಗಳೂರಿಗೆ ಅಲೆಯಬೇಕಿಲ್ಲ.

ವಕೀಲರ ಫೀಸಿಗೆ ಹಣವಿಲ್ಲ ಎಂದು ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಉಚಿತ ನೆರವು ಉಂಟು, ವರಮಾನ ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿ, ಇಲ್ಲವೇ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ವಿಚಾರಿಸಿ. ಹೋಗುವಾಗ ಆದೇಶದ ದೃಢೀಕೃತ ಪ್ರತಿ, ಹತ್ತು ತಿಂಗಳ ಬ್ಯಾಂಕ್ ಪಾಸ್‌ಬುಕ್ ಪುಟಗಳು, ಅವರ ಕಂಪನಿಯ ವಿಳಾಸ ಜೊತೆಗಿರಲಿ. ಈ ವಾರವೇ ಹೋಗಿ. ಭಾನುವಾರದ ಹೊತ್ತನ್ನೂ, ಎಷ್ಟು ಗಂಟೆಗೆ ವಾಪಸ್ ಬಿಡಬೇಕು ಎಂಬುದನ್ನೂ ಬರವಣಿಗೆಯಲ್ಲಿ ತರಲು ಅಲ್ಲೇ ಮಧ್ಯಸ್ಥಿಕೆಗೆ ಕೇಳಿಕೊಳ್ಳಿ; ಹಿರಿಯರ ಬಾಯಿಮಾತು ಇಷ್ಟು ದಿನ ನಡೆದದ್ದೇ ಹೆಚ್ಚು.

— ಸಂ.